ಸ್ಕ್ವೇರ್ ಪೈಪ್ ಫ್ರೇಮ್ ಸೊಟ್ಟಗಾಗುವುದು ಎಲ್ಲಿಂದ

ಟ್ಯಾಕ್ (ತುಂಡುಗಳನ್ನು ಹಿಡಿದಿಡುವ ಚಿಕ್ಕ ಬೆಸುಗೆ) ಹಾಕಿದಾಗ ಮೂಲೆಮಟ್ಟಕ್ಕೆ ಸರಿಯಾಗಿ ಕೂತಿದ್ದ ಟೇಬಲ್ ಫ್ರೇಮು, ಪೂರ್ತಿ ವೆಲ್ಡ್ ಮಾಡಿ ನೆಲಕ್ಕಿಟ್ಟರೆ ಒಂದು ಮೂಲೆಯನ್ನು ಎತ್ತಿಕೊಂಡು ನಿಲ್ಲುತ್ತದೆ. ಮನೆಯಲ್ಲೇ ವೆಲ್ಡಿಂಗ್ ಶುರು ಮಾಡಿದವರು ಬೀಡ್ (ಬೆಸುಗೆಯ ಗೆರೆ) ಚೆಂದ ಬರಲಿಲ್ಲ ಎಂದು ಕೊರಗುವುದೇ ಹೆಚ್ಚು. ಬೀಡ್ ಒರಟಾಗಿದ್ದರೆ ಗ್ರೈಂಡರ್ ಹಿಡಿದು ಸರಿ ಮಾಡಬಹುದು. ಫ್ರೇಮ್ ತಿರುಚಿಕೊಂಡರೆ ಅಷ್ಟು ಸುಲಭವಿಲ್ಲ. ಅದಕ್ಕೇ ಇಲ್ಲಿ ಒಂದೇ ಕೆಲಸವನ್ನು ಹಿಡಿದು ಹೇಳುತ್ತೇನೆ: 40×40 ಮಿ.ಮೀ., 2 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಸ್ಕ್ವೇರ್ ಪೈಪಿನಿಂದ 1200×600 ಮಿ.ಮೀ. ಅಳತೆಯ ಟೇಬಲ್ ಫ್ರೇಮ್. ಯಂತ್ರ ಸಾಮಾನ್ಯ ಇನ್ವರ್ಟರ್ ವೆಲ್ಡಿಂಗ್ ಯಂತ್ರ. ರಾಡ್, ಅಂದರೆ ಕರಗಿ ಸಂದನ್ನು ತುಂಬುವ ಲೇಪನದ ಕಡ್ಡಿ, 6013 ನಮೂನೆಯದು.

ಮೊದಲು ಕಾರಣ ಅರ್ಥವಾಗಬೇಕು. ಒಂದು ಮೀಟರ್ ಉಕ್ಕು 100 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 1.2 ಮಿ.ಮೀ. ಉದ್ದವಾಗುತ್ತದೆ. ಇಡೀ ಪೈಪು ಒಂದೇ ಸಮ ಬಿಸಿಯಾಗಿ ಒಂದೇ ಸಮ ತಣ್ಣಗಾದರೆ ತೊಂದರೆ ಇಲ್ಲ, ಹಿಗ್ಗಿದಷ್ಟೇ ಕುಗ್ಗಿ ಮೊದಲಿನಂತೆ ಆಗುತ್ತದೆ. ವೆಲ್ಡಿಂಗಿನಲ್ಲಿ ಹಾಗಾಗುವುದಿಲ್ಲ. ಬೆಸುಗೆಯ ಗೆರೆಯ ಅಕ್ಕಪಕ್ಕದ ಒಂದೆರಡು ಸೆಂಟಿಮೀಟರ್ ಮಾತ್ರ ಕೆಂಪಗೆ ಕಾಯುತ್ತದೆ. ಅದು ಹಿಗ್ಗಲು ನೋಡಿದಾಗ ಸುತ್ತಲಿನ ತಣ್ಣನೆಯ ಕಬ್ಬಿಣ ಬಿಡುವುದಿಲ್ಲ. ಕಾದು ಮೆತ್ತಗಾದ ಭಾಗ ಉದ್ದಕ್ಕೆ ಹಿಗ್ಗಲಾಗದೆ ಅಲ್ಲೇ ಒತ್ತಿಕೊಂಡು ದಪ್ಪವಾಗುತ್ತದೆ. ತಣ್ಣಗಾಗುವಾಗ ಕುಗ್ಗುವುದನ್ನು ಮಾತ್ರ ಯಾರೂ ತಡೆಯಲಾರರು. ಹಾಗಾಗಿ ಬೆಸೆದ ಜಾಗ ಮೊದಲಿಗಿಂತ ಗಿಡ್ಡವಾಗುತ್ತದೆ, ಪೈಪನ್ನು ತನ್ನ ಕಡೆಗೆ ಜಗ್ಗುತ್ತದೆ. ಮೇಲ್ಮುಖದಲ್ಲಿ ಬೀಡ್ ಹಾಕಿದರೆ ಪೈಪಿನ ತುದಿಗಳು ಮೇಲಕ್ಕೆ ಏಳುತ್ತವೆ. ಮೂಲೆಯ ಹೊರಗಡೆ ಹಾಕಿದರೆ 90 ಡಿಗ್ರಿ ಅಗಲವಾಗುತ್ತದೆ, ಒಳಗಡೆ ಹಾಕಿದರೆ ಕಿರಿದಾಗುತ್ತದೆ. ಜಾಬ್ (ಬೆಸೆಯುವ ವಸ್ತು) ಯಾವಾಗಲೂ ಬೀಡ್ ಇರುವ ಕಡೆಗೇ ಬಾಗುತ್ತದೆ. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ಇದರಿಂದ ಬರುವ ಮೊದಲ ಪಾಠ, ಕರಗಿಸುವ ಲೋಹ ಕಡಿಮೆ ಇದ್ದಷ್ಟೂ ಜಗ್ಗುವುದು ಕಡಿಮೆ. ಅಡ್ಡಮೂಲೆಗೆ ಹಾಕುವ ಬೀಡಿನ ಅಗಲವನ್ನು 3 ಮಿ.ಮೀ.ಯಿಂದ 6 ಮಿ.ಮೀ.ಗೆ ಏರಿಸಿದರೆ ಒಳಗೆ ಹೋಗುವ ಲೋಹ ನಾಲ್ಕು ಪಟ್ಟಾಗುತ್ತದೆ. 2 ಮಿ.ಮೀ. ಪೈಪಿಗೆ 3 ಮಿ.ಮೀ. ಬೀಡ್ ಧಾರಾಳವಾಯಿತು. ಅದಕ್ಕಿಂತ ದಪ್ಪ ಹಾಕಿದರೂ ಮುರಿಯುವುದು ಪಕ್ಕದ ಪೈಪೇ, ಬಲವೇನೂ ಹೆಚ್ಚುವುದಿಲ್ಲ. ಸಂದು ದೊಡ್ಡದಿದ್ದರೆ ಅದನ್ನು ತುಂಬಿಸಲು ಲೋಹ ಸುರಿಯಲೇಬೇಕಾಗುತ್ತದೆ. ಆದ್ದರಿಂದ ಫ್ರೇಮ್ ನೇರ ಬರುವುದೋ ಇಲ್ಲವೋ ಎಂಬುದು ಅರ್ಧಕ್ಕರ್ಧ ಪೈಪ್ ಕತ್ತರಿಸುವಾಗಲೇ ತೀರ್ಮಾನವಾಗಿರುತ್ತದೆ.

ಕತ್ತರಿಸುವ ಮೊದಲು ಪೈಪನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ತುದಿಯಿಂದ ತುದಿಗೆ ನೋಡಿ. ಬಾಗು ಇದ್ದರೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆ ಭಾಗವನ್ನು ಗಿಡ್ಡ ತುಂಡುಗಳಿಗೆ ಬಳಸಿ. ಪೈಪಿನ ಒಂದು ಮುಖದಲ್ಲಿ ಕಾರ್ಖಾನೆಯ ಸೀಮ್ ಗೆರೆ ಇರುತ್ತದೆ, ಅದು ಫ್ರೇಮಿನ ಒಳಮುಖಕ್ಕೆ ಬರಲಿ. 1200ರ ಎರಡು, 600ರ ಎರಡು ತುಂಡು ಬೇಕು. ಈ ಅಳತೆ 45 ಡಿಗ್ರಿ ಕಟ್ಟಿನ ಉದ್ದನೆಯ ತುದಿಯಿಂದ ತುದಿಗೆ. ಪ್ರತಿ ಕಟ್ ಆದ ಮೇಲೆ ಪೈಪನ್ನು ಮಗುಚಿದರೆ ಒಂದೇ ಓರೆ ಕಟ್ಟು ಎರಡು ತುಂಡಿಗೂ ತುದಿಯಾಗುತ್ತದೆ, ನಾಲ್ಕೂ ತುಂಡು 3.5 ಮೀಟರಿನಲ್ಲಿ ಮುಗಿಯುತ್ತವೆ. ಕಟಿಂಗ್ ವೀಲ್ ತಿನ್ನುವ ದಪ್ಪವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. 1 ಮಿ.ಮೀ. ವೀಲ್ ಕೈಯಲ್ಲಿ ಹಿಡಿದು ಕತ್ತರಿಸಿದರೆ ಹತ್ತಿರಹತ್ತಿರ 1.5 ಮಿ.ಮೀ. ತಿನ್ನುತ್ತದೆ. ನಾಲ್ಕೂ ಗುರುತನ್ನು ಒಂದೇ ಸಲ ಹಾಕಿಟ್ಟು ಕತ್ತರಿಸುತ್ತಾ ಹೋದರೆ ಒಂದೊಂದು ತುಂಡೂ ಅಷ್ಟಷ್ಟು ಗಿಡ್ಡವಾಗುತ್ತದೆ. ಒಂದು ಕತ್ತರಿಸಿ, ಆಮೇಲೆ ಮುಂದಿನದನ್ನು ಅಳೆಯಿರಿ. ನಿಜ ಹೇಳಬೇಕೆಂದರೆ ನಾಲ್ಕು ತುಂಡಿನ ಒಟ್ಟು ಅಳತೆ ಒಂದು ಮಿಲಿಮೀಟರ್ ತಪ್ಪಿದರೂ ಟೇಬಲ್ಲಿಗೆ ಏನೂ ಆಗದು. ಎದುರುಬದುರಿನ ಎರಡು ತುಂಡು ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಉದ್ದ ಇರಬೇಕು. ಜೋಡಿಯಾಗಿ ನಿಲ್ಲಿಸಿ, ಉದ್ದ ಇರುವುದನ್ನು ಗ್ರೈಂಡ್ ಮಾಡಿ ಸಮ ಮಾಡಿಕೊಳ್ಳಿ.

ಓರೆ ಕಟ್ಟಿನಲ್ಲಿ ತಪ್ಪು ಎಷ್ಟು ಬೇಗ ಬೆಳೆಯುತ್ತದೆ ನೋಡಿ. 40ರ ಪೈಪಿನಲ್ಲಿ 45 ಡಿಗ್ರಿ ಕಟ್ಟಿನ ಉದ್ದ 56.6 ಮಿ.ಮೀ. ಎರಡು ತುಂಡು ಸೇರಿ ಒಂದು ಡಿಗ್ರಿ ತಪ್ಪಿದರೆ ಒಂದು ತುದಿಯಲ್ಲಿ 1 ಮಿ.ಮೀ. ಸಂದು ಬೀಳುತ್ತದೆ. ಆ ಸಂದನ್ನು ಒತ್ತಿ ಮುಚ್ಚಿದರೆ 600 ಮಿ.ಮೀ. ದೂರದ ಇನ್ನೊಂದು ತುದಿ 10 ಮಿ.ಮೀ. ಅತ್ತಿತ್ತ ಹೋಗುತ್ತದೆ. ಎರಡು ತುಂಡನ್ನು ಸೇರಿಸಿ ಬೆಳಕಿಗೆ ಹಿಡಿಯಿರಿ. ಬೆಳಕು ಒಂದು ತೆಳು ಗೆರೆಯಾಗಿ ಕಂಡರೆ ಸಾಕು. ಬೆಣೆಯ ಹಾಗೆ ಒಂದು ಕಡೆ ಅಗಲವಾಗಿ ಕಂಡರೆ ಕಟ್ಟನ್ನು ತಿದ್ದಿ. 2 ಮಿ.ಮೀ. ದಪ್ಪದ ಪೈಪಿನಲ್ಲಿ 1 ಮಿ.ಮೀ.ಗಿಂತ ದೊಡ್ಡ ಸಂದು ಇಟ್ಟುಕೊಂಡು ರಾಡ್ ಹಚ್ಚಿದರೆ ತೂತು ಬೀಳುವುದು ಬಹುತೇಕ ಖಚಿತ.

ಕತ್ತರಿಸಿದ ಅಂಚಿನಲ್ಲಿ ಒಳಗೂ ಹೊರಗೂ ಬರ್ (ಚೂಪಾದ ಲೋಹದ ಎಳೆ) ಉಳಿಯುತ್ತದೆ, ಅದನ್ನು ತೆಗೆಯಿರಿ. ಸಂದಿನ ಎರಡೂ ಕಡೆ 15-20 ಮಿ.ಮೀ. ಅಗಲಕ್ಕೆ ಪೇಂಟ್, ತುಕ್ಕು, ಮಿಲ್ ಸ್ಕೇಲಿನ ಕಪ್ಪು ಪದರ ಎಲ್ಲ ಹೋಗಿ ಹೊಳೆಯುವ ಲೋಹ ಕಾಣಬೇಕು. ಹೊಸ ಪೈಪಿಗೆ ಸವರಿರುವ ಎಣ್ಣೆಯನ್ನೂ ಒರೆಸಿ. ಕ್ಲೋರಿನ್ ಇರುವ ಕ್ಲೀನರನ್ನು ಇದಕ್ಕೆ ಎಂದೂ ಬಳಸಬೇಡಿ. ಅದರ ಆವಿ, ರಾಡಿನ ತುದಿಯಲ್ಲಿ ಉರಿಯುವ ವಿದ್ಯುತ್ ಜ್ವಾಲೆಯಾದ ಆರ್ಕ್‌ನ ಬೆಳಕಿಗೂ ಬಿಸಿಗೂ ಸಿಕ್ಕಿ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ.

ಜೋಡಿಸಲು ಸಮತಟ್ಟಾದ ಜಾಗ ಬೇಕು. ಗ್ಯಾರೇಜಿನ ನೆಲ ಸಮತಟ್ಟಾಗಿರುವುದು ಅಪರೂಪ. ಎರಡು ನೇರವಾದ ದಪ್ಪ ಪೈಪನ್ನು ಅಡ್ಡಡ್ಡ ಇಟ್ಟು, ಅಡಿಗೆ ತಗಡಿನ ಚೂರು ಕೊಟ್ಟು ಎರಡನ್ನೂ ಒಂದೇ ಮಟ್ಟಕ್ಕೆ ತಂದರೆ ಅದೇ ಒಳ್ಳೆಯ ಬೆಂಚು. ಮೂಲೆಗೆ ಮ್ಯಾಗ್ನೆಟ್ ಬಳಸುವವರು ಒಂದು ವಿಷಯ ನೆನಪಿಡಬೇಕು. ಡಿ.ಸಿ. ಕರೆಂಟಿನಲ್ಲಿ ಮ್ಯಾಗ್ನೆಟ್ ಹತ್ತಿರವಿದ್ದರೆ ಆರ್ಕ್ ಓರೆಯಾಗಿ ಹೊಯ್ದಾಡುತ್ತದೆ, ಸಂದು ಬಿಟ್ಟು ಪಕ್ಕದ ಗೋಡೆಯನ್ನು ತಿನ್ನುತ್ತದೆ. ಮ್ಯಾಗ್ನೆಟ್ ಇಟ್ಟು ಜೋಡಿಸಿ, ಕ್ಲ್ಯಾಂಪ್ ಬಿಗಿದು, ಮ್ಯಾಗ್ನೆಟ್ ತೆಗೆದು ಆಮೇಲೆ ಟ್ಯಾಕ್ ಹಾಕಿ.

ಟ್ಯಾಕ್ ಎಂದರೆ ತಾತ್ಕಾಲಿಕ, ಹೇಗಿದ್ದರೂ ನಡೆಯುತ್ತದೆ ಎಂಬ ಭಾವನೆ ಇದೆ. ಇಡೀ ಫ್ರೇಮನ್ನು ಜಗ್ಗಾಟದಲ್ಲಿ ಹಿಡಿದಿಡುವುದು ಟ್ಯಾಕೇ. ಉದ್ದ 8-10 ಮಿ.ಮೀ. ಇರಲಿ. ಪೈಪ್ ಇನ್ನೂ ತಣ್ಣಗಿರುವುದರಿಂದ ಟ್ಯಾಕಿಗೆ ಕರೆಂಟನ್ನು 5-10 ಆಂಪಿಯರ್ ಹೆಚ್ಚಿಡಿ, ಇಲ್ಲವಾದರೆ ಲೋಹ ಬೆರೆಯದೆ ಮೇಲೆ ಗುಂಡಾಗಿ ಕೂತುಬಿಡುತ್ತದೆ. ಮೊದಲ ಸುತ್ತಿನಲ್ಲಿ ನಾಲ್ಕೂ ಮೂಲೆಯ ಮೇಲ್ಮುಖಕ್ಕೆ ಒಂದೊಂದೇ ಟ್ಯಾಕ್. ಈಗ ಟೇಪ್ ಹಿಡಿದು ಮೂಲೆಯಿಂದ ಎದುರುಮೂಲೆಗೆ ಅಳೆಯಿರಿ. 1200×600ಕ್ಕೆ ಎರಡೂ ಕರ್ಣ 1341.6 ಮಿ.ಮೀ. ಬರಬೇಕು. ಆ ಅಂಕಿ ಬರಲೇಬೇಕೆಂದು ಹಟ ಬೇಡ, ಎರಡೂ ಒಂದೇ ಇದ್ದರೆ ಫ್ರೇಮ್ ಚೌಕಕ್ಕೆ ಬಂದಂತೆ. ಒಂದು 1344, ಇನ್ನೊಂದು 1340 ಬಂದರೆ ವ್ಯತ್ಯಾಸ 4. ಉದ್ದನೆಯ ಕರ್ಣವನ್ನು ಕ್ಲ್ಯಾಂಪಿನಿಂದ 2 ಮಿ.ಮೀ. ಮಾತ್ರ ಒತ್ತಿದರೆ ಸಾಕು, ಇನ್ನೊಂದು ತಾನೇ 2 ಹಿಗ್ಗುತ್ತದೆ. ಒಂದೇ ಟ್ಯಾಕ್ ಇರುವುದರಿಂದ ಮೂಲೆ ಬಾಗಿಲ ತಿರುಗಣೆಯಂತೆ ಬಗ್ಗುತ್ತದೆ. ಇದನ್ನು ಬಿಟ್ಟು ಮೂಲೆಗೆ ಮೂರು ಟ್ಯಾಕ್ ಹಾಕಿದ ಮೇಲೆ ಅಳೆಯುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ.

ಚೌಕ ಸರಿ ಇದ್ದರೂ ತಿರುಚು ಇರಬಹುದು, ಅದು ಟೇಪಿಗೆ ಸಿಗುವುದಿಲ್ಲ. ಎರಡು ತೆಳು ದಾರ ತೆಗೆದುಕೊಂಡು ಎರಡೂ ಕರ್ಣದ ಉದ್ದಕ್ಕೆ ಮೂಲೆಗಳ ಮೇಲ್ಮುಖದಲ್ಲೇ ಬಿಗಿಯಾಗಿ ಎಳೆದು ಕಟ್ಟಿ. ನಡುವೆ ಅವು ಒಂದನ್ನೊಂದು ಸವರಿಕೊಂಡು ಹೋಗಬೇಕು. ಮೇಲಿನ ದಾರ ಕೆಳಗಿನದರಿಂದ ಎದ್ದು ನಿಂತರೆ ಮೇಲಿನ ದಾರ ಕಟ್ಟಿದ ಎರಡು ಮೂಲೆ ಎತ್ತರದಲ್ಲಿವೆ. ಮೇಲಿನದು ಕೆಳಗಿನದನ್ನು ಅದುಮಿ ಬಗ್ಗಿಸಿದರೆ ತದ್ವಿರುದ್ಧ. ಎಷ್ಟು ಎದ್ದಿದೆ ಎಂಬುದನ್ನು ನಡುವೆ ತಗಡು ತೂರಿಸಿ ನೋಡಿದರೆ ಅರ್ಧ ಮಿಲಿಮೀಟರ್ ಕೂಡ ಗೊತ್ತಾಗುತ್ತದೆ. ಯಾವ ದುಬಾರಿ ಲೆವೆಲ್ಲೂ ಈ ಎರಡು ದಾರದಷ್ಟು ಸರಿಯಾಗಿ ಹೇಳಲಾರದು. ಬೆಸುಗೆಯ ಪ್ರತಿ ಸುತ್ತಿನ ನಂತರವೂ ಇದನ್ನೇ ಮಾಡಿ.

ಸರಿ ಬಂದ ಮೇಲೆ ಹೊರಮೂಲೆಗೆ ಒಂದು, ಫ್ರೇಮ್ ಮಗುಚಿ ಅಡಿಗೆ ಒಂದು ಟ್ಯಾಕ್ ಹಾಕಿ. ಎರಡು ಮೂಲೆಗಳ ನಡುವೆ ಓರೆಯಾಗಿ ಒಂದು ಪಟ್ಟಿಯನ್ನು ಸಣ್ಣ ಟ್ಯಾಕಿನಲ್ಲಿ ಕೂರಿಸಿದರೆ ಇನ್ನೂ ಭದ್ರ, ಕೊನೆಗೆ ಕತ್ತರಿಸಿ ತೆಗೆದರಾಯಿತು. ಪ್ರತಿ ಟ್ಯಾಕಿನ ಸ್ಲ್ಯಾಗ್ (ಮೇಲೆ ಗಟ್ಟಿಯಾಗಿ ಕೂರುವ ರಾಡಿನ ಲೇಪನದ ಕಿಟ್ಟ) ತೆಗೆದು, ಎರಡೂ ತುದಿಯನ್ನು ಗ್ರೈಂಡರಿನಲ್ಲಿ ಇಳಿಜಾರು ಮಾಡಿ. ಹಾಗೇ ಬಿಟ್ಟರೆ ಬೀಡ್ ಆ ಗುಡ್ಡೆಗೆ ಬಂದು ತಡೆದು, ಕೆಳಗೆ ಸ್ಲ್ಯಾಗ್ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು ಕರೆಂಟು. 2.5 ಮಿ.ಮೀ.ನ 6013 ರಾಡಿಗೆ 60ರಿಂದ 90 ಆಂಪಿಯರ್ ಎಂದು ಡಬ್ಬಿಯ ಮೇಲೆ ಇರುತ್ತದೆ. 2 ಮಿ.ಮೀ. ಪೈಪಿಗೆ 60-70ರಲ್ಲಿ ಶುರು ಮಾಡಿ. 2 ಮಿ.ಮೀ. ರಾಡ್ ಆದರೆ 45-55. ತೆಳು ಪೈಪಿಗೆ ರಾಡ್ ಹಿಡಿಯುವ ಹೋಲ್ಡರನ್ನು ಯಂತ್ರದ ಮೈನಸ್ಸಿಗೆ ಹಾಕಿದರೆ ತೂತು ಬೀಳುವ ಭಯ ಸ್ವಲ್ಪ ಕಡಿಮೆ, 6013 ಎರಡೂ ಕಡೆ ಉರಿಯುತ್ತದೆ. ಅರ್ಥಿಂಗ್ ಕ್ಲ್ಯಾಂಪ್ ಪೇಂಟಿನ ಮೇಲೆ ಕೂತಿದ್ದರೆ ಆರ್ಕ್ ಮಿಣುಕುತ್ತದೆ, ಜನ ಯಂತ್ರವನ್ನು ಬೈಯುತ್ತಾರೆ. ಹೊಳೆಯುವ ಲೋಹಕ್ಕೆ, ಬೆಸೆಯುವ ಜಾಗದ ಹತ್ತಿರವೇ ಹಿಡಿಸಿ. 80 ಆಂಪಿಯರಿನಲ್ಲಿ ಆರ್ಕ್ ಸುಮಾರು 1.9 ಕಿಲೋವ್ಯಾಟ್ ಬಳಸುತ್ತದೆ, ಯಂತ್ರದ ನಷ್ಟವೆಲ್ಲ ಸೇರಿ 230 ವೋಲ್ಟ್ ಲೈನಿನಿಂದ 13-14 ಆಂಪಿಯರ್ ಎಳೆಯಬಹುದು. ಎಕ್ಸ್‌ಟೆನ್ಷನ್ ವೈರ್ 2.5 ಚದರ ಮಿ.ಮೀ. ತಾಮ್ರದ್ದೇ ಇರಲಿ, ಸುರುಳಿ ಪೂರ್ತಿ ಬಿಚ್ಚಿರಲಿ. ಸುತ್ತಿಟ್ಟ ವೈರ್ ಬಿಸಿಯಾಗಿ ಕರಗುತ್ತದೆ.

ರಾಡನ್ನು ಸಂದಿನ ಮೇಲೆ, ಶುರು ಮಾಡುವ ಜಾಗಕ್ಕಿಂತ 10 ಮಿ.ಮೀ. ಮುಂದೆ ಬೆಂಕಿಕಡ್ಡಿಯಂತೆ ಗೀರಿ, ಆರ್ಕ್ ಹಿಡಿದ ಕೂಡಲೇ ಹಿಂದಕ್ಕೆ ಬಂದು ಬೀಡ್ ಶುರು ಮಾಡಿ. ಗೀರಿದ ಗುರುತು ಬೀಡಿನ ಕೆಳಗೇ ಕರಗಿಹೋಗುತ್ತದೆ. ರಾಡ್ ಸಾಗುವ ದಿಕ್ಕಿಗೆ 10-15 ಡಿಗ್ರಿ ವಾಲಿರಲಿ, ಅಂದರೆ ತುದಿ ಹಿಂದಿನ ಬೀಡನ್ನು ನೋಡುತ್ತಿರಬೇಕು. ಆರ್ಕ್‌ನ ಉದ್ದ ರಾಡಿನ ದಪ್ಪಕ್ಕಿಂತ ಹೆಚ್ಚಾಗಬಾರದು. ರಾಡ್ ಕರಗಿ ಗಿಡ್ಡವಾಗುತ್ತಾ ಹೋಗುವುದರಿಂದ ಕೈ ಮುಂದಕ್ಕೆ ಹೋಗುತ್ತಾ ಕೆಳಗೂ ಇಳಿಯಬೇಕು. ಹೊಸಬರ ಕೈ ಇಳಿಯುವುದನ್ನು ಮರೆತು ಆರ್ಕ್ ಉದ್ದವಾಗುತ್ತದೆ.

ಹೆಲ್ಮೆಟ್ಟಿನ ಒಳಗಿಂದ ಏನನ್ನು ನೋಡಬೇಕು ಎನ್ನುವುದು ಮುಖ್ಯ. ಬೆಳಕಿನ ಚುಕ್ಕೆಯನ್ನೇ ನೋಡುತ್ತಿದ್ದರೆ ಏನೂ ತಿಳಿಯುವುದಿಲ್ಲ. ಅದರ ಬೆನ್ನಿಗೇ ಎರಡು ದ್ರವ ಕಾಣುತ್ತವೆ. ಒಂದು ಕನ್ನಡಿಯಂತೆ ನುಣುಪಾಗಿ ಹೊಳೆಯುವ ಲೋಹ. ಅದರ ಹಿಂದೆ ಕುದಿಯುತ್ತಾ ತೇಲುತ್ತಾ ಬರುವ, ಬೇರೆ ಬಣ್ಣದ ಸ್ಲ್ಯಾಗ್. ಇವೆರಡರ ನಡುವಿನ ಗಡಿ ಸದಾ ರಾಡಿನ ಹಿಂದೆಯೇ ಇರಬೇಕು. ಸ್ಲ್ಯಾಗ್ ಮುಂದೆ ನುಗ್ಗಿ ರಾಡಿನ ತುದಿಯನ್ನು ಮುಚ್ಚಿದರೆ, ಮೇಲಿನಿಂದ ಚೆಂದ ಕಾಣುವ ಬೀಡಿನ ಒಳಗೆ ಸ್ಲ್ಯಾಗ್ ಹೂತುಹೋಗಿರುತ್ತದೆ. 6013ರಲ್ಲಿ ಈ ತೊಂದರೆ ಹೆಚ್ಚು. ಕರೆಂಟ್ 5 ಆಂಪಿಯರ್ ಏರಿಸಿ, ರಾಡನ್ನು ಇನ್ನಷ್ಟು ವಾಲಿಸಿ, ಆರ್ಕ್ ಗಿಡ್ಡ ಮಾಡಿ, ಸ್ಲ್ಯಾಗ್ ಹಿಂದಕ್ಕೆ ಹೋಗುತ್ತದೆ. ಮುಗಿಸುವಾಗ ರಾಡನ್ನು ಥಟ್ಟನೆ ಎತ್ತಬೇಡಿ. ಕೊನೆಯಲ್ಲಿ ಅರೆಗಳಿಗೆ ನಿಂತು ಸ್ವಲ್ಪ ಹಿಂದೆ ಸರಿದು ಎತ್ತಿದರೆ ಗುಳಿ ತುಂಬುತ್ತದೆ. ಬಿರುಕು ಶುರುವಾಗುವುದು ತುಂಬದ ಗುಳಿಯಿಂದ.

ಫ್ರೇಮಿಗೆ ಕೈ ಹಚ್ಚುವ ಮೊದಲು ಉಳಿದ ಚೂರುಗಳಲ್ಲಿ ಒಂದು ಪರೀಕ್ಷೆ ಮಾಡಲೇಬೇಕು. ಎರಡು ಪಟ್ಟಿಯನ್ನು ತಲೆಕೆಳಗಾದ ಟಿ ಆಕಾರಕ್ಕೆ ನಿಲ್ಲಿಸಿ ಒಂದೇ ಕಡೆ ಬೀಡ್ ಹಾಕಿ. ತಣ್ಣಗಾದ ಮೇಲೆ ವೈಸಿಗೆ ಹಿಡಿದು, ನಿಂತ ಪಟ್ಟಿಯನ್ನು ಬೀಡ್ ಇರುವ ಕಡೆಗೆ ಸುತ್ತಿಗೆಯಿಂದ ಹೊಡೆದು ಮಡಚಿ, ಬೀಡಿನ ಬುಡ ತೆರೆದುಕೊಳ್ಳುತ್ತದೆ. ಪಟ್ಟಿ ಬಾಗಿ ಬೀಡ್ ಹಾಗೇ ಉಳಿದರೆ ಒಳ್ಳೆಯದು. ಬಿಟ್ಟುಬಂದರೆ ಒಡೆದ ಮುಖವನ್ನು ಬೆಳಕಿಗೆ ಹಿಡಿದು ಓದಿ. ಬೂದು ಬಣ್ಣದ ಒರಟು ಹರಳು ಉದ್ದಕ್ಕೂ ಇದ್ದರೆ ಲೋಹ ಬೆರೆತಿತ್ತು, ಬೀಡ್ ಸಣ್ಣದಾಯಿತು ಅಷ್ಟೆ. ಬುಡದಲ್ಲಿ ಕತ್ತರಿಸಿದ ಅಂಚು ಗೀರಿನ ಸಮೇತ ಹಾಗೇ ಉಳಿದಿದ್ದರೆ ಅಲ್ಲಿ ಕರಗಿಯೇ ಇಲ್ಲ, ಕರೆಂಟ್ ಸಾಲದು ಅಥವಾ ಕೈ ಬೇಗ ಓಡಿದೆ. ಕಪ್ಪು ಗಾಜಿನಂಥ ಚೂರು ಕಂಡರೆ ಸ್ಲ್ಯಾಗ್. ಗುಂಡಗಿನ ಸಣ್ಣ ತೂತುಗಳು ಕಂಡರೆ ರಾಡಿನ ತೇವ, ಪೇಂಟು, ಎಣ್ಣೆ ಅಥವಾ ಉದ್ದನೆಯ ಆರ್ಕ್ ಕಾರಣ. ಬೀಡಿನ ಪಕ್ಕದಲ್ಲಿ ಪೈಪನ್ನು ತಿಂದ ಕಾಲುವೆ ಇದ್ದರೆ ಕರೆಂಟ್ ಜಾಸ್ತಿ ಅಥವಾ ಆರ್ಕ್ ಉದ್ದ. ಈ ಒಂದು ಚೂರು ಕಲಿಸುವುದನ್ನು ನೂರು ಬೀಡಿನ ಮೇಲ್ಮೈ ಕಲಿಸದು.

ಈಗ ಫ್ರೇಮಿನ ಬೆಸುಗೆ. ಮೂಲೆಗಳಿಗೆ ಸುತ್ತಾಗಿ 1, 2, 3, 4 ಎಂದು ಹೆಸರಿಟ್ಟರೆ, ಬೆಸೆಯುವ ಕ್ರಮ 1, 3, 2, 4. ಒಂದು ಮೂಲೆಯ ಒಂದು ಮುಖ ಮುಗಿದ ಕೂಡಲೇ ಎದುರುಮೂಲೆಗೆ ಹೋಗಿ. ಮೊದಲು ಮೇಲ್ಮುಖ ನಾಲ್ಕೂ. ಬರಿಗೈಯಲ್ಲಿ ಮುಟ್ಟುವಷ್ಟು ಆರಿದ ಮೇಲೆ ಮಗುಚಿ ಅಡಿಯ ನಾಲ್ಕೂ, ಅದೇ ಕ್ರಮ, ಅಷ್ಟೇ ಗಾತ್ರದ ಬೀಡ್. ಮೇಲ್ಮುಖ ಎತ್ತಿದ್ದನ್ನು ಅಡಿಯದು ಬಹುಪಾಲು ಎಳೆದು ಸರಿ ಮಾಡುತ್ತದೆ. ಆಮೇಲೆ ಹೊರಮೂಲೆ. ಅದು ಮೂಲೆಯನ್ನು ಅಗಲ ಮಾಡುತ್ತದೆ, ಆದ್ದರಿಂದ ಹಿಂದೆಯೇ ಒಳಮೂಲೆಗೆ ಒಂದು ಬೀಡ್ ಹಾಕಿದರೆ ಸರಿದೂಗುತ್ತದೆ. ಒಂದೇ ಮೂಲೆಯ ನಾಲ್ಕೂ ಮುಖವನ್ನು ಒಂದೇ ಉಸಿರಿಗೆ ಮುಗಿಸಿ ಮುಂದಿನದಕ್ಕೆ ಹೋಗುವುದು ಕೆಟ್ಟ ಅಭ್ಯಾಸ. ಆ ಮೂಲೆ ಕೆಂಡವಾಗಿ ತೂತು ಬೀಳುತ್ತದೆ, ತಿರುಚೂ ಬರುತ್ತದೆ. ಬೇಗ ಆರಲಿ ಎಂದು ನೀರು ಸುರಿಯಬೇಡಿ. ಕಾಯುವ ಹೊತ್ತಿನಲ್ಲಿ ಮುಂದಿನ ಸಂದನ್ನು ಬ್ರಷ್ ಮಾಡಿಕೊಳ್ಳಬಹುದು.

ಕೊನೆಯ ಮುಖ ಮುಚ್ಚುವಾಗ ಒಂದು ವಿಚಿತ್ರ ನಡೆಯುತ್ತದೆ. ಬೀಡ್ ಮುಗಿಯುವ ಕೊನೆಯ ಚುಕ್ಕೆಯಲ್ಲಿ ಕರಗಿದ ಲೋಹ ಉಬ್ಬಿ ಉಫ್ ಎಂದು ಹಾರಿ ತೂತಾಗುತ್ತದೆ, ಎಷ್ಟು ಸಲ ಮುಚ್ಚಿದರೂ ಮತ್ತೆ ತೆರೆಯುತ್ತದೆ. ಪೈಪಿನೊಳಗೆ ಸಿಕ್ಕಿಕೊಂಡ ಗಾಳಿ ಬಿಸಿಯಾಗಿ ಹಿಗ್ಗಿ ದಾರಿ ಹುಡುಕುತ್ತಿದೆ ಎಂದರ್ಥ. ಶುರುವಿನಲ್ಲೇ ಪ್ರತಿ ತುಂಡಿನ ಒಳಮುಖಕ್ಕೆ 3 ಮಿ.ಮೀ. ರಂಧ್ರ ಕೊರೆದಿಟ್ಟರೆ ಇದು ಬರುವುದೇ ಇಲ್ಲ. ಬೇರೆ ಕಾರಣಕ್ಕೆ ತೂತು ಬಿದ್ದರೆ ಆರ್ಕ್ ನಿಲ್ಲಿಸಿ, ಕೆಂಪು ಇಳಿಯಲು ಬಿಟ್ಟು, ತೂತಿನ ಅಂಚಿನಿಂದ ಒಂದೊಂದೇ ಚುಕ್ಕೆ ಹಾಕುತ್ತಾ ಒಳಕ್ಕೆ ಬನ್ನಿ. ಹಿಂದಿನಿಂದ ಕೈ ಹೋಗುವಂತಿದ್ದರೆ ದಪ್ಪ ತಾಮ್ರದ ಪಟ್ಟಿ ಒತ್ತಿ ಹಿಡಿಸಿ. ಉಕ್ಕು ತಾಮ್ರಕ್ಕೆ ಅಂಟುವುದಿಲ್ಲ, ಶಾಖವನ್ನೂ ಅದು ಹೀರಿಕೊಳ್ಳುತ್ತದೆ.

ಇಷ್ಟಾದರೂ ಒಂದು ಮೂಲೆ ಒಂದೆರಡು ಮಿಲಿಮೀಟರ್ ಎದ್ದಿದ್ದರೆ ಜಗ್ಗಿದ್ದನ್ನು ಜಗ್ಗಿಯೇ ಸರಿ ಮಾಡಬಹುದು. ಎದ್ದ ತುದಿಗೆ ಹೋಗುವ ಪೈಪಿನ ಅಡಿಮುಖದಲ್ಲಿ 1 ಮಿ.ಮೀ. ವೀಲಿನಿಂದ ಅಡ್ಡಕ್ಕೆ ಒಂದು ಸೀಳು ಹಾಕಿ, ಅದನ್ನು ಬೀಡಿನಿಂದ ತುಂಬಿಸಿ. ಆರುವಾಗ ಅದು ಕೆಳಕ್ಕೆ ಎಳೆಯುತ್ತದೆ. ಒಂದೇ ಸೀಳು ಹಾಕಿ, ಪೂರ್ತಿ ಆರಿದ ಮೇಲೆ ದಾರ ಕಟ್ಟಿ ನೋಡಿ, ಬೇಕಾದರೆ ಮಾತ್ರ ಇನ್ನೊಂದು. ಹೆಚ್ಚು ತಪ್ಪಿದ್ದರೆ ಮೂಲೆಯ ಬೆಸುಗೆಯನ್ನೇ ಸೀಳಿ ಮತ್ತೆ ಟ್ಯಾಕಿನಿಂದ ಶುರು ಮಾಡುವುದು ಲೇಸು.

ಕಾಲುಗಳಿಗೂ ಇದೇ ನಿಯಮ. ನಾಲ್ಕೂ ಕಾಲಿಗೆ ಟ್ಯಾಕ್ ಹಾಕಿ, ಕೆಳಗಿನ ಅಡ್ಡಪಟ್ಟಿಗಳನ್ನೂ ಟ್ಯಾಕಿನಲ್ಲಿ ಕೂರಿಸಿ, ನೇರ ನೋಡಿದ ನಂತರವೇ ಪೂರ್ತಿ ಬೆಸುಗೆ. ಅಡ್ಡಪಟ್ಟಿ ಇಲ್ಲದೆ ಒಂದೊಂದೇ ಕಾಲನ್ನು ಮುಗಿಸಿದರೆ ಕಾಲು ಬೀಡಿನ ಕಡೆಗೆ ವಾಲಿ ನಿಂತುಬಿಡುತ್ತದೆ. ಕಾಲಿನ ತುದಿಗೆ 4 ಮಿ.ಮೀ. ಪ್ಲೇಟಿನಲ್ಲಿ ಎಂ10 ನಟ್ ಬೆಸೆದು ಬೋಲ್ಟ್ ಹಾಕಿದರೆ ನೆಲದ ಏರುಪೇರನ್ನು ತಿರುಗಿಸಿ ಸರಿದೂಗಿಸಬಹುದು. ಕಪ್ಪು ನಟ್ ತೆಗೆದುಕೊಳ್ಳಿ, ಸತು ಲೇಪಿಸಿದ್ದು ಬೇಡ. ಸತು 907 ಡಿಗ್ರಿಯಲ್ಲೇ ಕುದಿಯುತ್ತದೆ, ಆ ಬಿಳಿ ಹೊಗೆ ಕುಡಿದರೆ ಕೆಲವು ಗಂಟೆಗಳಲ್ಲಿ ಚಳಿಜ್ವರ ಹಿಡಿಯುತ್ತದೆ. ಜಿ.ಐ. (ಸತು ಲೇಪಿಸಿದ) ಪೈಪ್ ಬೆಸೆಯಲೇಬೇಕಾದರೆ ಸಂದಿನ ಎರಡೂ ಕಡೆ ಕನಿಷ್ಠ 50 ಮಿ.ಮೀ. ಸತುವನ್ನು ಗ್ರೈಂಡ್ ಮಾಡಿ ತೆಗೆಯಿರಿ, ಬಯಲಲ್ಲಿ ಮಾಡಿ, ಲೋಹದ ಹೊಗೆ ತಡೆಯುವ ಮಾಸ್ಕ್ ಹಾಕಿ.

ಕಣ್ಣಿಗೆ ಈ ಕರೆಂಟಿನಲ್ಲಿ 10ನೇ ಶೇಡ್ ಗಾಜು. ಒದ್ದೆ ಕೈಗವಸಿನಲ್ಲಿ ರಾಡ್ ಬದಲಿಸಬೇಡಿ, ಆರ್ಕ್ ಇಲ್ಲದಾಗ ಹೋಲ್ಡರಿನಲ್ಲಿ 60-80 ವೋಲ್ಟ್ ಇರುತ್ತದೆ. 125 ಮಿ.ಮೀ. ವೀಲಿನ ಮಿತಿ ನಿಮಿಷಕ್ಕೆ 12,200 ಸುತ್ತು, ಗ್ರೈಂಡರ್ ಅದಕ್ಕಿಂತ ವೇಗದ್ದಾಗಿರಬಾರದು. ಕಟಿಂಗ್ ವೀಲಿನ ಪಕ್ಕದಿಂದ ಉಜ್ಜಿದರೆ ಅದು ಒಡೆದು ಹಾರುತ್ತದೆ. ಕಿಡಿ 10 ಮೀಟರ್‌ವರೆಗೂ ಹೋಗಬಲ್ಲದು, ಮರದ ಹೊಟ್ಟು, ಎಣ್ಣೆಬಟ್ಟೆ ಅಷ್ಟು ದೂರದಲ್ಲಿರಲಿ. ಕೆಲಸ ಮುಗಿದ ಮೇಲೆ ಒಂದು ಗಂಟೆ ಆ ಜಾಗದ ಮೇಲೆ ಕಣ್ಣಿಡಿ, ಹೊಟ್ಟಿನೊಳಗೆ ಬಿದ್ದ ಕಿಡಿ ನಿಧಾನಕ್ಕೆ ಹೊತ್ತಿಕೊಳ್ಳುತ್ತದೆ. ಹಳೆಯ ಎಣ್ಣೆ, ಪೆಟ್ರೋಲ್ ಡ್ರಮ್ಮಿಗಂತೂ ಮನೆಯಲ್ಲಿ ರಾಡ್ ಹಚ್ಚಲೇಬೇಡಿ. ತೊಳೆದಿದ್ದರೂ ಒಳಗಿನ ಆವಿ ಸಿಡಿಯುತ್ತದೆ.

ಪೇಂಟಿಗೆ ಮುನ್ನ ಸ್ಲ್ಯಾಗ್ ಪೂರ್ತಿ ಹೋಗಿದೆಯೇ ನೋಡಿ. ಬೀಡಿನ ಎರಡು ಅಂಚಿನಲ್ಲಿ ಅದು ಗೆರೆಯಂತೆ ಕಚ್ಚಿಕೊಂಡಿರುತ್ತದೆ. ಅದರ ಮೇಲೆ ಪ್ರೈಮರ್ ಹೊಡೆದರೆ ಆಮೇಲೆ ಸ್ಲ್ಯಾಗ್ ಉದುರುವಾಗ ಪೇಂಟೂ ಉದುರಿ, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಹೊರಮೂಲೆಯನ್ನು 60 ಅಥವಾ 80 ಗ್ರಿಟ್ ಫ್ಲಾಪ್ ಡಿಸ್ಕಿನಲ್ಲಿ (ಗ್ರೈಂಡರಿಗೆ ಹಾಕುವ ಮರಳುಕಾಗದದ ಪದರಗಳ ಚಕ್ರ) ಸಮ ಮಾಡುವಾಗ ಬೀಡ್ ಪೈಪಿನ ಮಟ್ಟಕ್ಕೆ ಬಂದ ತಕ್ಷಣ ನಿಲ್ಲಿಸಿ. ಒಂದೇ ಜಾಗದಲ್ಲಿ ಇನ್ನೆರಡು ಸಲ ಎಳೆದರೂ 2 ಮಿ.ಮೀ. ಗೋಡೆ 1.5ಕ್ಕೆ ಇಳಿದಿರುತ್ತದೆ, ಮೇಲಿನಿಂದ ಅದು ಕಾಣುವುದೂ ಇಲ್ಲ. ಮೂಲೆಮಟ್ಟದ ಅಂಚನ್ನು ಪೈಪಿಗೆ ಆನಿಸಿ ಬೆಳಕಿಗೆ ಹಿಡಿದರೆ ತಗ್ಗು ಎಲ್ಲಿದೆ ಎಂದು ಗೊತ್ತಾಗುತ್ತದೆ.